ಹೆಬ್ಬೆಟ್ಟು ಮೂಡುವ ತನಕ

ಎದೆಯಲ್ಲಿ ಗಂಟಿರುವುದು ನನಗೆ ಮೊದಲು ಗೊತ್ತಾದದ್ದು ತೋಳಿನಿಂದ. ಸಂಕ್ರಾಂತಿ ಕಳೆದು ಎಂಟು ದಿನ ಆಗಿರಬೇಕು. ಬೆಳಿಗ್ಗೆ ಬಚ್ಚಲಲ್ಲಿ ಬೆನ್ನುಜ್ಜಿಕೊಳ್ಳಲು ಕೈ ತಿರುಗಿಸಿದೆ, ಎಡ ಮೊಲೆಯ ಪಕ್ಕದಲ್ಲಿ ಏನೋ ಗಟ್ಟಿಯಾದದ್ದು ತೋಳಿನ ಒಳಭಾಗಕ್ಕೆ ತಗುಲಿತು. ಬೆರಳಿಟ್ಟು ನೋಡಿದೆ, ಏನೂ ಸಿಗಲಿಲ್ಲ. ಮತ್ತೆ ತೋಳು ಒತ್ತಿದೆ, ಇತ್ತು. ಇಪ್ಪತ್ತು ವರ್ಷದಿಂದ ಹುಣಸೆಹಣ್ಣು ಬಿಡಿಸಿ ಬಿಡಿಸಿ ನನ್ನ ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಂತಾಗಿದ್ದವು. ಬಿಸಿ ಪಾತ್ರೆ ಹಿಡಿದರೆ ಸುಡುತ್ತಿರಲಿಲ್ಲ, ಮುಳ್ಳು ಚುಚ್ಚಿದರೆ ರಕ್ತ ಕಂಡ ಮೇಲೆ ತಿಳಿಯುತ್ತಿತ್ತು. ಅಂಥ ಬೆರಳಿಗೆ ಮೈಯೊಳಗಿನ ಗಂಟು ಎಲ್ಲಿ ಸಿಕ್ಕೀತು. ಹಂಡೆಯ ನೀರು ತಣ್ಣಗಾಗುವ ತನಕ ಬಚ್ಚಲಲ್ಲೇ ಕೂತಿದ್ದೆ.

ನಮ್ಮೂರು ಐ.ಡಿ.ಹಳ್ಳಿಯಿಂದ ಎರಡು ಮೈಲಿ ಒಳಕ್ಕಿದೆ. ಮಾಘ ಬಂತೆಂದರೆ ಹೆಂಗಸರಿಗೆಲ್ಲ ಹುಣಸೆಹಣ್ಣಿನ ಕೆಲಸ. ಶಿರಾದ ಸಾಬರೊಬ್ಬರು ಲಗೇಜ್ ಆಟೋದಲ್ಲಿ ಮೂಟೆ ತಂದು ಮನೆಮನೆಯ ಮುಂದೆ ಇಳಿಸಿ ಹೋಗುತ್ತಾರೆ. ಸಿಪ್ಪೆ ಹೋದ ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಬೀಜ ತೆಗೆದು, ನಾರು ಎಳೆದು ಗುಡ್ಡೆ ಹಾಕಬೇಕು. ಕೆಜಿ ಲೆಕ್ಕದಲ್ಲಿ ಕೂಲಿ. ನೆರಳಲ್ಲಿ ಕೂತು ಮಾಡುವ ಕೆಲಸ, ಊರ ಸುದ್ದಿಯೆಲ್ಲ ಬೀಜದ ಜೊತೆಗೇ ಆಚೆ ಬೀಳುತ್ತದೆ. ಆದರೆ ಹುಳಿ ಸುಮ್ಮನಿರುವುದಿಲ್ಲ. ಬೆರಳಿಗೆ ಇಳಿದು ಚರ್ಮ ಸುಲಿಯುತ್ತದೆ, ಸುಲಿದದ್ದು ದಪ್ಪಗಾಗುತ್ತದೆ, ಮತ್ತೆ ಸುಲಿಯುತ್ತದೆ. ಯುಗಾದಿ ಹೊತ್ತಿಗೆ ಕೈಯೆಲ್ಲ ಕಪ್ಪು, ಹೆಬ್ಬೆರಳಲ್ಲಿ ಹುಡುಕಿದರೂ ಒಂದು ಗೆರೆ ಇರುವುದಿಲ್ಲ.

ಆ ಗೆರೆಗಳಿಗೂ ಬೆಲೆಯಿದೆ ಎಂದು ನನಗೆ ತಿಳಿದದ್ದು ತಡವಾಗಿ. ಗಂಟು ಕಾಣಿಸಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು ರೇಷನ್ ಅಂಗಡಿಯವರು, ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಬಂದು ಹೆಬ್ಬೆಟ್ಟು ಕೊಡಬೇಕು ಎಂದಿದ್ದರು. ಹೋದೆ. ಮಿಷನ್ ನನ್ನ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ. "ಹುಣ್ಸೆ ಸೀಸನ್ ಮುಗುದ್ಮೇಲೆ ಬಾ ಕಣಮ್ಮ, ಕೈಗೆ ಒಂದಿಪ್ಪತ್ತು ದಿನ ರೆಸ್ಟ್ ಕೊಟ್ಬುಟ್ಟು" ಎಂದರು. ಸೀಸನ್ ಮುಗಿಯಿತು, ನಾನು ಹೋಗಲಿಲ್ಲ. ಇನ್ನೊಂದು ಸಲ ಹೇಳಿ ಕಳಿಸಿದರು, ಆಗಲೂ ಹೋಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು, ದುಂಡಗೆ ಸಹಿ ಹಾಕುವವಳು, ನಾಲ್ಕು ಜನರ ಮುಂದೆ ಹೆಬ್ಬೆಟ್ಟು ಒತ್ತಿ ಒತ್ತಿ ವಾಪಸ್ ಬರುವುದು ಯಾರಿಗೆ ಬೇಕು ಎನ್ನುವ ಜಂಬ. ಅಕ್ಕಿ ಹೇಗೂ ನಮ್ಮ ಯಜಮಾನರ ಹೆಬ್ಬೆಟ್ಟಿಗೆ ಬರುತ್ತಿತ್ತು. ಸ್ವಲ್ಪ ದಿನಕ್ಕೆ ಬರುವ ಅಕ್ಕಿ ಕಡಿಮೆಯಾಯಿತು. ಸರ್ಕಾರವೇ ಕಡಿಮೆ ಮಾಡಿರಬೇಕು ಎಂದು ಬೈದುಕೊಂಡು ಸುಮ್ಮನಾದೆವು. ಕಾರ್ಡಿನಿಂದ ನನ್ನ ಹೆಸರೇ ಹೋಗಿದೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಂಟಿನ ವಿಷಯವನ್ನು ಹನ್ನೆರಡು ದಿನ ಯಾರಿಗೂ ಹೇಳಲಿಲ್ಲ. ಅದಕ್ಕೆ ಕಾರಣ ನನ್ನವ್ವ. ನನ್ನ ತವರು ಪಾವಗಡದ ವಳ್ಳೂರು. ಈಗ ಅಲ್ಲಿ ನಾವು ಕಡ್ಲೆಕಾಯಿ ಕಿತ್ತ ಹೊಲದ ಮೇಲೆಲ್ಲ ಸೋಲಾರ್ ಹಲಗೆ ನಿಂತಿವೆ. ಅವ್ವನಿಗೂ ಇದೇ ಜಾಗದಲ್ಲಿ ಗಂಟಾಗಿತ್ತು. ಎಷ್ಟೋ ವರ್ಷ ಸೆರಗಿನೊಳಗೇ ಇಟ್ಟುಕೊಂಡಿದ್ದು, ಹುಣ್ಣಾಗಿ ಕೀವು ಸೋರಿದ ಮೇಲೆ ಆಸ್ಪತ್ರೆಗೆ ಹೋದಳು. ಹೋಗುವಾಗ ಬಸ್ಸಿನ ಮೆಟ್ಟಿಲು ತಾನೇ ಹತ್ತಿದಳು. ಆಪರೇಷನ್ ಆಗಿ ತಿಂಗಳೊಳಗೆ ತೀರಿಕೊಂಡಳು. ತಡ ಮಾಡಿ ಸತ್ತಳು ಎಂದು ಒಬ್ಬರೂ ಅನ್ನಲಿಲ್ಲ. ಕತ್ತಿ ಸೋಕಿಸಬಾರದಾಗಿತ್ತು, ಕತ್ತಿ ಸೋಕಿದರೆ ಗಂಟು ಮೈಯೆಲ್ಲ ಹರಡುತ್ತದೆ ಎಂದರು. ತಿಥಿ ಊಟಕ್ಕೆ ಬಂದವರು ತೆಲುಗಿನಲ್ಲೂ ಅಂದರು, ಕನ್ನಡದಲ್ಲೂ ಅಂದರು. ಅದು ಸುಳ್ಳೆಂದು ನನಗೆ ಗೊತ್ತು. ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ. ಬೇರೆಯವರ ಮನೆಯ ಕಷ್ಟಕ್ಕೆ ನಾನು ಬಹಳ ಬುದ್ಧಿವಂತೆ, ನನ್ನದು ಬಂದಾಗ ಆ ತಿಥಿ ಊಟದ ಪಂಕ್ತಿಯಲ್ಲೇ ಕೂತಿದ್ದೆ.

ಹದಿಮೂರನೇ ದಿನ ಯಜಮಾನರಿಗೆ ಹೇಳಿದೆ. ಅವರು ಕುರಿ ಕಾಯುವವರು. ಕುರಿಯ ಮೈ ತಡವಿದರೆ ಸಾಕು, ಒಳಗೆ ಏನಾಗಿದೆ ಎಂದು ಹೇಳುತ್ತಾರೆ. ಸುತ್ತಮುತ್ತಲ ಹಟ್ಟಿಗಳವರೂ ಕಾಯಿಲೆ ಕುರಿಯನ್ನು ಅವರ ಹತ್ತಿರ ಹಿಡಿದುಕೊಂಡು ಬರುತ್ತಾರೆ. "ಒಂಚೂರು ಇಲ್ಲಿ ಮುಟ್ಟಿ ನೋಡಿ, ನನ್ನ ಬೆರಳಿಗೆ ಸಿಗ್ತಿಲ್ಲ" ಎಂದೆ. ನಗುತ್ತಾ ಕೈಯಿಟ್ಟರು. ಒಂದು ಕ್ಷಣಕ್ಕೆ ನಗು ನಿಂತಿತು. ಕೈ ತೆಗೆದವರು ಅದನ್ನು ಪಂಚೆಗೆ ಒರೆಸಿಕೊಂಡರು, ಒರೆಸುವಂಥದ್ದು ಏನೂ ಅಂಟಿರಲಿಲ್ಲ. "ನಾಳೀಕೆ ಮಧುಗಿರಿಗೆ ಹೋಗಾಣ" ಎಂದಷ್ಟೇ ಹೇಳಿ ಎದ್ದುಹೋದರು.

ಮಧುಗಿರಿಯ ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ಪರದೆ ಎಳೆದು, ಮಲಗಿಸಿ, ನಿಧಾನವಾಗಿ ನೋಡಿದರು. "ಗೋಲಿಯಷ್ಟಿದೆ. ತುಮಕೂರಿಗೆ ಬರ್ಕೊಡ್ತೀನಿ. ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಪರೀಕ್ಷೆ ಮಾಡ್ತಾರೆ. ಕೆಟ್ಟದ್ದೇ ಆಗಿದ್ರೂ ಬೇಗ ಬಂದಿದ್ದೀರ, ಗಂಟಷ್ಟೇ ತೆಗೆದ್ರೆ ಸಾಕಾಗಬಹುದು. ತಡ ಮಾತ್ರ ಮಾಡ್ಬೇಡಿ" ಎಂದರು. ಕೆಟ್ಟದ್ದು ಎನ್ನುವ ಮಾತು ಕಿವಿಯಲ್ಲಿ ಕೂತುಬಿಟ್ಟಿತು, ಬೇಗ ಬಂದಿದ್ದೀರ ಎಂದದ್ದು ಹೊಸ್ತಿಲಲ್ಲೇ ಬಿದ್ದುಹೋಯಿತು.

ಕೊರಟಗೆರೆ ಮೇಲೆ ಹೋಗುವ ಬಸ್ಸು ಹಿಡಿದು ಅದೇ ವಾರ ತುಮಕೂರಿಗೆ ಹೋದೆವು. ಮಗಳನ್ನು ಕೊರಟಗೆರೆಗೇ ಕೊಟ್ಟಿರುವುದು. ಅವಳು ಆಗ ಏಳು ತಿಂಗಳ ಬಸುರಿ. ಬಸ್ಸು ಅವಳ ಊರಲ್ಲಿ ನಿಂತಾಗ ಯಾರಾದರೂ ಕಂಡಾರೆಂದು ಸೆರಗು ಹೊದ್ದು ಕೂತಿದ್ದೆ. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಕೇಳಿದ್ದೇ ರೇಷನ್ ಕಾರ್ಡು. ಕಾರ್ಡಿದ್ದರೆ ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಪೂರ್ತಿ ಉಚಿತ. ಕಂಪ್ಯೂಟರಿನಲ್ಲಿ ನೋಡಿದವರು, "ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲಮ್ಮ, ಬರೀ ಯಜಮಾನರದ್ದಿದೆ" ಎಂದರು. ಕಾರ್ಡಿಲ್ಲದೆ ಎಷ್ಟಾಗಬಹುದು ಎಂದು ಕೇಳಿದೆವು. ಪರೀಕ್ಷೆ, ಆಪರೇಷನ್, ಅದರ ಮೇಲಿನ ಇಂಜೆಕ್ಷನ್ ಎಲ್ಲ ಸೇರಿ ಅವರು ಹೇಳಿದ್ದು ನಮ್ಮ ಹಟ್ಟಿಯ ಕುರಿಯನ್ನೆಲ್ಲ ಮಾರಿದರೂ ಮುಟ್ಟದ ಮೊತ್ತ.

"ಕುರಿ ಮಾರ್ಬುಡ್ತೀನಿ, ಉಳ್ದಿದ್ದು ಯಾರನ್ನಾರ ಕೇಳಾಣ" ಎಂದು ಯಜಮಾನರು ಅಲ್ಲೇ ಅಂದರು.

"ಕಾರ್ಡಿಗೆ ಹೆಸರು ಸೇರಿಸಿದ್ರೆ ಪುಕ್ಕಟೆ ಆಗೋದಕ್ಕೆ ಕುರಿ ಯಾಕೆ ಮಾರ್ಬೇಕು" ಎಂದೆ ನಾನು. ಆ ಮಾತು ಹೇಳುವಾಗ ನನಗೆ ಉಸಿರು ಸರಾಗವಾಯಿತು. ಆವತ್ತು ಸೂಜಿ ಹಾಕಿಸಿಕೊಳ್ಳದೆ ಮನೆಗೆ ಹೋಗಬಹುದು ಎನ್ನುವುದೇ ಆ ಸರಾಗಕ್ಕೆ ಕಾರಣ. ನಾನು ಅದನ್ನು ಸಂಸಾರದ ಜಾಣತನ ಎಂದುಕೊಂಡೆ.

ಐ.ಡಿ.ಹಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವಳು ಒಬ್ಬ ಹೆಣ್ಣುಮಗಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಗಂಡನಿಲ್ಲ, ಆ ಅಂಗಡಿಯೇ ಅವಳ ಜೀವನ. ಡಾಕ್ಟರ ಚೀಟಿ ತೋರಿಸಿದೆ. ಅವಳು ಸುತ್ತ ನೋಡಿ, ಉಳಿದವರನ್ನು ಹೊರಗೆ ಕಳಿಸಿ, ನನ್ನನ್ನು ಕೂರಿಸಿಕೊಂಡಳು. ಹೆಬ್ಬೆಟ್ಟು ಬಿದ್ದರೆ ಹೆಸರು ಸೇರುತ್ತದೆ, ಇಲ್ಲದಿದ್ದರೆ ಫೋನಿಗೆ ಓಟಿಪಿ ಬರಬೇಕು. ಆಧಾರಿಗೆ ಕೊಟ್ಟಿದ್ದ ನಂಬರಿನ ಫೋನು ಮೂರು ವರ್ಷದ ಹಿಂದೆ ಕುರಿ ನೀರು ಕುಡಿಯುವ ತೊಟ್ಟಿಗೆ ಬಿದ್ದು, ಸಿಮ್ಮು ಯಾವತ್ತೋ ಹೋಗಿತ್ತು. ಕಣ್ಣು ತೋರಿಸುವ ಮಿಷನ್ ಅವಳ ಹತ್ತಿರ ಇರಲಿಲ್ಲ, ಇದ್ದವರದ್ದು ರಿಪೇರಿಗೆ ಹೋಗಿತ್ತು. ಉಳಿದದ್ದು ಹೆಬ್ಬೆಟ್ಟೊಂದೇ. ಹತ್ತು ಬೆರಳನ್ನೂ ಒಂದೊಂದಾಗಿ ಇಡಿಸಿದಳು. ಗಾಜಿನ ಕೆಳಗೆ ಕೆಂಪು ದೀಪ ಹತ್ತುವುದು, ಆರುವುದು.

"ಅಕ್ಕಾ, ಗೆರೆನೇ ಇಲ್ಲ ನಿಂಗೆ. ಹುಣ್ಸೆ ಬುಟ್ಬುಡು. ಪಾತ್ರೆ, ಬಟ್ಟೆ, ಸಗಣಿ ಏನೂ ಮುಟ್ಬೇಡ. ದಿನಾ ಎಣ್ಣೆ ಹಚ್ಚು. ಇಪ್ಪತ್ತು ದಿನ ಬುಟ್ಟು ಬಾ, ಬಂದೇ ಬತ್ತದೆ" ಎಂದಳು. ದುಡ್ಡು ಕೊಡಲು ಹೋದರೆ ಕೆಲಸ ಆಗಲಿ ಎಂದು ಕೈ ಹಿಂದಕ್ಕೆ ತಳ್ಳಿದಳು.

ಹೀಗೆ ನನ್ನ ಕೈಗಳು ರಜಾ ತೆಗೆದುಕೊಂಡವು. ಮದುವೆಯಾದ ದಿನದಿಂದ ಆವರೆಗೆ ಒಂದು ಲೋಟ ತೊಳೆಯದ ಮನುಷ್ಯ ಬೀದಿ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಉಜ್ಜಿದರು. ನೋಡುವವರಿಗೆ ತಮಾಷೆಯೋ ತಮಾಷೆ. "ಏನ್ಲಾ, ಎಂಡ್ರುಗೆ ಎದ್ರಿ ಪಾತ್ರೆ ತೊಳೀತಿದ್ದೀಯಾ" ಎಂದು ಅವರ ವಾರಿಗೆಯವರು ಕಾಲೆಳೆದರು. "ಊಂ ಕಣ್ಲಾ, ನೀನೂ ಬಾ, ನಿಂದೂ ತೊಳ್ಕೊಡ್ತೀನಿ" ಎಂದು ಇವರೂ ನಕ್ಕರು. ಸಂಜೆ ಕುರಿ ದೊಡ್ಡಿಗೆ ಹೊಡೆದು ಬಂದ ಮೇಲೆ ಜಗಲಿಯಲ್ಲಿ ಕೂತು ನನ್ನ ಎರಡೂ ಕೈಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಒಂದೊಂದು ಬೆರಳನ್ನೂ ಎತ್ತಿ ಬೆಳಕಿಗೆ ಹಿಡಿದು ಗೆರೆ ಮೂಡಿತಾ ಎಂದು ನೋಡುವರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ಆಗಲೇ.

ಎಣ್ಣೆಗೆ ಹಳೆಯ ಚರ್ಮ ಪದರ ಪದರವಾಗಿ ಎದ್ದಿತು. ಅಡಿಯಿಂದ ಹೊಸದು, ಕೆಂಪಗೆ, ತೆಳ್ಳಗೆ ಬಂತು. ಒಂದು ದಿನ ಬಟ್ಟೆಯ ನೂಲು ಬೆರಳಿಗೆ ತಗುಲಿ ಬೆಚ್ಚಿಬಿದ್ದೆ, ನೂಲು ಅಷ್ಟು ಒರಟೆಂದು ನನಗೆ ಮರೆತೇ ಹೋಗಿತ್ತು. ಮಾರನೆಯ ದಿನ ಬಚ್ಚಲಲ್ಲಿ ಗಂಟಿನ ಮೇಲೆ ಬೆರಳಿಟ್ಟೆ. ಸಿಕ್ಕಿತು. ಮೊದಲು ಬರೀ ಒಂದು ಗಟ್ಟಿ ಜಾಗ. ನಾಲ್ಕು ದಿನ ಕಳೆದು ಮುಟ್ಟಿದರೆ ಅದರ ಅಂಚು ಸಿಕ್ಕಿತು. ಇನ್ನೂ ನಾಲ್ಕು ದಿನಕ್ಕೆ ಅಂಚಿನಲ್ಲಿ ಸಣ್ಣ ಸಣ್ಣ ಉಬ್ಬು ಸಿಕ್ಕಿದವು. ಗಂಟು ಬೆಳೆಯುತ್ತಿದೆಯೋ, ನನ್ನ ಬೆರಳು ಚುರುಕಾಗುತ್ತಿದೆಯೋ? ಇದನ್ನು ಯಾರನ್ನು ಕೇಳಲಿ. ಡಾಕ್ಟರಮ್ಮ ಗೋಲಿಯಷ್ಟಿದೆ ಎಂದಿದ್ದರು, ಗೋಲಿಗಳಲ್ಲೂ ದೊಡ್ಡದು ಚಿಕ್ಕದು ಇರುತ್ತವಲ್ಲ. ಮೊದಲಿನ ಜಡ ಬೆರಳೇ ವಾಸಿಯಾಗಿತ್ತು ಅನ್ನಿಸಿತು. ದಿನಾ ಮುಟ್ಟಬಾರದು ಎಂದುಕೊಳ್ಳುವೆ, ಬಾಗಿಲು ಹಾಕಿದ ಕೂಡಲೇ ಕೈ ಅಲ್ಲಿಗೇ ಹೋಗುವುದು. ಮುಟ್ಟಿದ ಮೇಲೆ ಮುದ್ದೆ ನುಂಗಲು ಆಗದೆ ಮಧ್ಯಾಹ್ನದವರೆಗೂ ತಟ್ಟೆಯ ಮುಂದೆ ಕೂತಿರುತ್ತಿದ್ದೆ.

ಇಪ್ಪತ್ತು ದಿನ ಕಳೆದು ಹೋದಾಗ ಮಿಷನ್ ಅರ್ಧ ತೆಗೆದುಕೊಂಡಿತು. ಅಂಗಡಿಯವಳು ಖುಷಿಯಿಂದ, "ನೋಡಕ್ಕಾ, ಬತ್ತಾ ಅವೆ ಗೆರೆ. ಇನ್ನೊಂದು ಎಂಟು ದಿನ ಇಂಗೇ ಇರು" ಎಂದಳು. ಯಜಮಾನರು ಅವಳಿಗೆ ಕೈ ಮುಗಿದರು. ನಾನು ಮಾತ್ರ ಎಂಟು ದಿನ ಎನ್ನುವುದನ್ನು ಲೆಕ್ಕ ಹಾಕುತ್ತಾ ಬಂದೆ. ಎಂಟು ದಿನ, ಆಮೇಲೆ ಕಾರ್ಡಿಗೆ ಒಂದು ವಾರ, ಆಮೇಲೆ ಸೂಜಿ. ಆಮೇಲೆ ಕತ್ತಿ.

ಏಳನೆಯ ದಿನ ಪಕ್ಕದ ಮನೆಯ ಅಕ್ಕನ ಅಂಗಳಕ್ಕೆ ಹೋಗಿ ಕೂತೆ. ಅವಳಿಗೆ ವಯಸ್ಸಾಗಿದೆ, ಕಣ್ಣು ಮಂಜು, ಕೈ ಮಾತ್ರ ನಿಲ್ಲದು. ಅವಳ ಮುಂದೆ ಸಾಬರು ಇಳಿಸಿದ್ದ ಎರಡು ಮೂಟೆ ಹಣ್ಣು. ಮಾತಾಡುತ್ತಾ ಮಾತಾಡುತ್ತಾ ನನ್ನ ಕೈಗೆ ಒಂದು ಹಣ್ಣು ಬಂತು. "ಕೈ ಮುಟ್ಟಿಸ್ಬೇಡ ಕಣಮ್ಮ" ಎಂದಳು ಅಕ್ಕ. "ಸುಮ್ನೆ ಕೂತು ಬೇಜಾರಾಗದೆ, ಎರಡೇ ಎರಡು" ಎಂದೆ. ಅದು ನಿಜವಾಗಿಯೂ ಬೇಜಾರಿಗೇ. ಆದರೆ ಎರಡು ಹಣ್ಣು ಎರಡು ಸೇರಾಯಿತು. ಹೊಸ ಚರ್ಮಕ್ಕೆ ಹುಳಿ ಇಳಿದು ಕೈ ಉರಿಯಿತು. ಮಾರನೆಯ ದಿನ ಅಂಗಡಿಯಲ್ಲಿ ಹೆಬ್ಬೆಟ್ಟಿಟ್ಟರೆ ಕೆಂಪು ದೀಪ ಹತ್ತಿ ಆರಿತು. ಮತ್ತೆ ಇಟ್ಟೆ, ಮತ್ತೆ ಆರಿತು. ಯಜಮಾನರು ತಲೆಯ ಮೇಲೆ ಕೈ ಹೊತ್ತುಕೊಂಡರು. ಅಂಗಡಿಯವಳ ಮುಖ ಸಣ್ಣಗಾಯಿತು. ನನಗೆ ಏನಾಯಿತು ಗೊತ್ತೇ? ಸಂತೋಷವಾಯಿತು. ಪರೀಕ್ಷೆಯ ದಿನ ಶಾಲೆಗೆ ರಜಾ ಕೊಟ್ಟರೆ ಆಗುವಂಥ ಸಂತೋಷ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ.

ಆಮೇಲಿನದು ಬೇಜಾರಿಗೆ ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು. ಮುಂದಿನ ಸಲ ಹೋಗುವ ಎರಡು ದಿನ ಮೊದಲು, ಯಜಮಾನರು ಕುರಿ ಹೊಡೆದುಕೊಂಡು ಆಚೆ ಹೋದ ಮೇಲೆ, ಅಕ್ಕನ ಅಂಗಳಕ್ಕೆ ಹೋಗಿ ಹೊತ್ತು ಇಳಿಯುವವರೆಗೂ ಹಣ್ಣು ಬಿಡಿಸಿದೆ. ಕೂಲಿ ಬೇಡ ಎಂದೆ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬೂದಿ ಹಾಕಿ ಕೈ ತೊಳೆದು, ಸೀಗೆಪುಡಿ ಹಾಕಿ ತೊಳೆದು, ಮನೆಗೆ ಬಂದು ಏನೂ ಅರಿಯದವಳ ಹಾಗೆ ಕೈ ಚಾಚಿ ಎಣ್ಣೆ ಹಚ್ಚಿಸಿಕೊಂಡೆ. ನಾಲ್ಕನೆಯ ಸಲ ಬೀಳಲಿಲ್ಲ. ಐದನೆಯ ಸಲಕ್ಕೆ ಹಣ್ಣಿನ ಜೊತೆ ಬಚ್ಚಲ ಕಲ್ಲಿಗೂ ಹೆಬ್ಬೆರಳು ಉಜ್ಜಿದೆ. ಆಗಲೂ ಬೀಳಲಿಲ್ಲ. ಗಂಟು ಸಿಕ್ಕಿ ಆಗಲೇ ಎರಡು ತಿಂಗಳ ಮೇಲಾಗಿತ್ತು.

ಯಜಮಾನರು ಆ ಮಿಷನ್ನಿಗೆ ಬೈಯದ ಬೈಗುಳ ಉಳಿಯಲಿಲ್ಲ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಸಂತೆಯಲ್ಲಿ ಸಿಕ್ಕವರಿಗೆಲ್ಲ ಅದೇ ಕಥೆ. ಜನ ಬಾಯಿ ತುಂಬ ಮರುಕಪಟ್ಟರು. ನಾನು ತಲೆ ತಗ್ಗಿಸಿ ನಿಂತಿರುತ್ತಿದ್ದೆ, ಪಾಪದವಳು ಎಂದು ಅವರು ಅಂದುಕೊಳ್ಳುತ್ತಿದ್ದರು. ನಡುವೆ ಎರಡು ಸಲ, "ಕಾರ್ಡು ಆಳಾಗೋಗ್ಲಿ, ಕುರಿ ಮಾರ್ಬುಡ್ಲಾ?" ಎಂದು ಕೇಳಿದರು. ಬೇಡ ಎಂದೆ. ಕೇಳಿದವರು ಒಂದೇ ಮಾತಿಗೆ ಸುಮ್ಮನಾದರು. ನನ್ನ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂದುಕೊಂಡೆ, ನನ್ನ ಪಾಪಕ್ಕೆ ಇನ್ನೊಂದು ಭಾರ ಸೇರಿತು.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಳ್ಳುವಾಗ ಎಡ ಕಂಕುಳಲ್ಲಿ ಇನ್ನೊಂದು ಸಿಕ್ಕಿತು. ಕಡ್ಲೆಬೇಳೆಯಷ್ಟು. ಅದು ನನ್ನ ಬೆರಳ ಚುರುಕಿನಿಂದ ಬಂದದ್ದಲ್ಲ, ಅಲ್ಲಿ ಮೊದಲು ಇರಲೇ ಇಲ್ಲ. ತಂಬಿಗೆ ಕೆಳಗಿಟ್ಟು ಮತ್ತೆ ಮುಟ್ಟಿ ನೋಡಿದೆ, ಇತ್ತು. ಅಷ್ಟು ದಿನ ಕತ್ತಿ ಸೋಕಿದರೆ ಹರಡುತ್ತದೆ ಎಂದು ಹೆದರಿದ್ದೆ. ಯಾವ ಕತ್ತಿಯೂ ಸೋಕಿರಲಿಲ್ಲ, ಅದು ತಾನಾಗಿಯೇ ಹರಡುತ್ತಿತ್ತು. ಅವ್ವ ಹೇಗೆ ಸತ್ತಳು ಎಂದು ಆ ಬಚ್ಚಲಲ್ಲಿ ನಿಂತು ನನಗೆ ನಿಜವಾಗಿ ಅರ್ಥವಾಯಿತು. ಹೋಳಿಗೆ ಮಾಡಬೇಕಾದವಳು ಒಲೆ ಮುಂದೆ ಕೂತು ಅತ್ತೆ, ಹೊಗೆಯೆಂದು ಎಲ್ಲರಿಗೂ ಹೇಳಿದೆ.

ಆವತ್ತಿನಿಂದ ಅಕ್ಕನ ಅಂಗಳದ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿಕೊಂಡೆ, ಸಂಜೆ ಅವರು ಹಚ್ಚಿದರು. ಹೊರಗೆ ಹೋಗುವಾಗ ಕೈಗೆ ಬಟ್ಟೆ ಸುತ್ತಿಕೊಂಡೆ. ಈಗ ದಿನಗಳು ಓಡುತ್ತಿರಲಿಲ್ಲ. ಗೆರೆಗಳು ಬರುತ್ತವೋ ಇಲ್ಲವೋ, ಕಲ್ಲಿಗೆ ಉಜ್ಜಿ ಪೂರ್ತಿ ಹಾಳು ಮಾಡಿಕೊಂಡೆನೋ ಎಂದು ಹೊತ್ತಿಗೊಂದು ಸಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹದಿನೇಳನೆಯ ದಿನ ತಾಳಲಾಗದೆ ಹೊರಟೆ. ಅಂಗಡಿಯವಳು ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದಳು, ನನ್ನ ಹೆಬ್ಬೆರಳನ್ನು ತನ್ನ ಸೆರಗಿನಲ್ಲಿ ಒರೆಸಿದಳು, ತಾನೇ ಮೇಲಿನಿಂದ ಒತ್ತಿ ಹಿಡಿದಳು. ಹಸಿರು ದೀಪ ಹತ್ತಿತು. ಅವಳು ಚಪ್ಪಾಳೆ ತಟ್ಟಿದಳು. ಹೊರಗೆ ಕಾಯುತ್ತಿದ್ದವರೂ ಬಗ್ಗಿ ನೋಡಿ ನಕ್ಕರು. ನಾನು ಗಾಜಿನ ಮೇಲಿಂದ ಹೆಬ್ಬೆರಳು ತೆಗೆಯುವುದನ್ನೇ ಮರೆತಿದ್ದೆ.

ಸೂಜಿ ಪರೀಕ್ಷೆಯಲ್ಲಿ ಬಂದದ್ದು ಕೆಟ್ಟದ್ದೇ. ತುಮಕೂರಿನ ಡಾಕ್ಟರು ಸಮಾಧಾನದ ಮನುಷ್ಯ. ಹಳೆಯ ಚೀಟಿಯ ತಾರೀಖು ನೋಡಿ, ನನ್ನ ಕಡೆ ನೋಡಿ, "ಆಗಲೇ ಬಂದಿದ್ರೆ ಗಂಟಷ್ಟೇ ತೆಗೀಬಹುದಿತ್ತೇನೋ. ಈಗ ಪೂರ್ತಿ ತೆಗೀಬೇಕು, ಕಂಕುಳಲ್ಲೂ ತೆಗೀಬೇಕು, ಆಮೇಲೆ ಇಂಜೆಕ್ಷನ್ ಕೋರ್ಸ್ ಇದೆ. ಯಾಕೆ ಇಷ್ಟು ತಡ ಆಯ್ತು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಮಿಷನ್ನು ಸ್ವಾಮಿ. ಎಬ್ಬೆಟ್ಟು ತಗೋಳ್ಲಿಲ್ಲ. ಐದು ಸರ್ತಿ ಹೋದ್ವಿ" ಎಂದು ಗಟ್ಟಿಯಾಗಿ ಹೇಳಿದರು. ಡಾಕ್ಟರು ನಿಟ್ಟುಸಿರು ಬಿಟ್ಟು ಬರೆದುಕೊಂಡರು. ನಾನು ನೆಲ ನೋಡುತ್ತಾ ಕೂತಿದ್ದೆ.

ಆಪರೇಷನ್ನಿಗೆ ಕಾರ್ಡು ಆಯಿತು. ಆದರೆ ಬಸ್ಸು, ಹೊರಗಿನ ಮಾತ್ರೆ, ಆಸ್ಪತ್ರೆ ಪಕ್ಕದ ಬಾಡಿಗೆ ಕೋಣೆ, ಇವಕ್ಕೆ ಯಾವ ಕಾರ್ಡೂ ಇಲ್ಲ. ಅರ್ಧ ಕುರಿ ಹೇಗೂ ಹೋದವು. ಎಡಗಡೆ ಚಪ್ಪಟೆಯಾದ ಎದೆ ಹೊತ್ತು, ಕೂದಲು ಉದುರಿ, ಟವಲು ಕಟ್ಟಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಕೂಸನ್ನು ನೋಡಲು ಹೋದರೆ ಎತ್ತಿಕೊಳ್ಳಲು ಎಡಗೈ ಮೇಲೇಳದು. ಅದಕ್ಕಿಂತ ಹೆಚ್ಚಾಗಿ, ಇದು ನನ್ನನ್ನು ಗುರುತು ಹಿಡಿಯುವಷ್ಟು ದೊಡ್ಡದಾಗುವ ತನಕ ಇರುತ್ತೇನಾ ಎನ್ನುವ ಯೋಚನೆ ಬಂದು ಮುಖ ತಿರುಗಿಸಿಕೊಂಡೆ.

ಇಂಜೆಕ್ಷನ್ ಕೋರ್ಸು ಮುಗಿದ ಮೇಲಿನ ಒಂದು ಮಧ್ಯಾಹ್ನ ಯಜಮಾನರು ಐ.ಡಿ.ಹಳ್ಳಿಯಿಂದ ಕೆಂಡವಾಗಿ ಬಂದರು. ಕಂಪ್ಯೂಟರ್ ಅಂಗಡಿಯ ಮುಂದೆ ನಿಂತು ಆ ಹೆಣ್ಣುಮಗಳಿಗೆ ಹತ್ತು ಜನರೆದುರು ಬೈದು ಬಂದಿದ್ದರು. "ನಿನ್ನ ಡಬ್ಬಾ ಮಿಷನ್ನಿಂದ ನನ್ನೆಂಡ್ರು ಎದೆ ಹೋಯ್ತು ಅಂತ ಅಂದ್ಬಂದೆ. ಅಳ್ತಾ ಕೂತ್ಲು. ಅಷ್ಟಕ್ಕೇ ಬುಡಾಕಿಲ್ಲ. ತಹಸೀಲ್ದಾರ್ರಿಗೆ ಅರ್ಜಿ ಕೊಟ್ಟು ಆ ಅಂಗಡಿ ಮುಚ್ಚಿಸ್ತೀನಿ. ಬರಿ" ಎಂದು ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟರು. ಊರಲ್ಲಿ ಪಿಂಚಣಿಗೆ, ಖಾತೆಗೆ, ಯಾರ ಅರ್ಜಿಯಾದರೂ ಬರೆದುಕೊಡುವವಳು ನಾನೇ.

ಬಲಗೈಯಲ್ಲಿ ಪೆನ್ನು ಹಿಡಿದು ಮಾನ್ಯರೆ ಎಂದು ಬರೆದೆ. ಮುಂದಕ್ಕೆ ಹೋಗಲಿಲ್ಲ. ದುಡ್ಡು ಮುಟ್ಟದೆ ಐದಾರು ಸಲ ನನ್ನ ಬೆರಳು ಹಿಡಿದು ಕೂತವಳು, ಸೆರಗಿನಲ್ಲಿ ನನ್ನ ಹೆಬ್ಬೆರಳು ಒರೆಸಿದವಳು, ಅವಳ ಅನ್ನಕ್ಕೆ ಕಲ್ಲು ಹಾಕುವ ಅರ್ಜಿ ನನ್ನ ಕೈಯಲ್ಲೇ. ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಈ ಮನುಷ್ಯ ಎದ್ದುಹೋಗುತ್ತಾರೆ, ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೇ ಬಾಯಿ ಬಿಟ್ಟೆ.

"ಮಿಷನ್ ತಪ್ಪಲ್ಲ. ಅವಳ ತಪ್ಪೂ ಅಲ್ಲ. ಹೋಗೋ ಎರಡು ದಿನ ಮುಂಚೆ ನಾನೇ ಹುಣಸೆಹಣ್ಣು ಬಿಡಿಸ್ತಿದ್ದೆ. ಕಲ್ಲಿಗೂ ಉಜ್ಜಿದೆ. ಆಪರೇಷನ್ ಅಂದ್ರೆ ನಂಗೆ ಹೆದರಿಕೆ. ಅದಕ್ಕೆ."

ಅವರು ಎದ್ದು ಹೋಗಲಿಲ್ಲ. ನನ್ನ ಮುಂದಿನ ಹಾಳೆ ಎಳೆದುಕೊಂಡು ಮಡಿಸಿ, ಮತ್ತೆ ಮಡಿಸಿ, ಜೇಬಿಗೆ ತುರುಕಿಕೊಂಡರು.

"ಗೊತ್ತಿತ್ತು" ಎಂದರು.

ನನಗೆ ಅರ್ಥವಾಗಲಿಲ್ಲ.

"ದಿನಾ ಸಂಜೆ ಎಣ್ಣೆ ತಿಕ್ಕೋನು ನಾನು. ಎಷ್ಟು ಸೀಗೆ ಹಾಕಿ ತೊಳುದ್ರೂ ಹುಳಿ ವಾಸ್ನೆ ಹೋಗ್ತದಾ? ಉಗುರು ಸಂದಿನಾಗೆ ಕಪ್ಪು ಕಾಣ್ತಿತ್ತು. ನೀನು ಎರಡ್ನೇ ಸರ್ತಿ ಹಣ್ಣು ಬಿಡಿಸ್ದಾಗ್ಲೇ ಗೊತ್ತಾಯ್ತು." ಅವರ ದನಿ ಕೆಳಗೆ ಇಳಿಯಿತು. "ಕೇಳಾಣ ಅಂತ ಬಾಯಿಗೆ ಬರೋದು. ಕೇಳುದ್ರೆ ನಾಳೀಕೆ ಎಬ್ಬೆಟ್ಟು ಬೀಳ್ತದೆ, ನಿನ್ನ ಕರ್ಕೊಂಡೋಗ್ತಾರೆ, ನೀನು ವಾಪಸ್ ಬರಾಕಿಲ್ಲ ಅನ್ನಿಸ್ತಿತ್ತು. ಬೀಳ್ದಿದ್ರೆ ಇನ್ನೊಂದು ವಾರ ಮನೇಲಿರ್ತೀಯ. ಅಂಗಂದ್ಕೊಂಡು ಸುಮ್ಕಿದ್ದೆ. ಯಾರನ್ನಾದ್ರೂ ಬೈಬೇಕಾಗಿತ್ತು, ಮಿಷನ್ನ ಬೈದೆ."

ಸೆರಗು ಬಾಯಿಗೆ ಒತ್ತಿಕೊಂಡೆ. ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ದಿನ ನನ್ನ ಮೇಲಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ಅವರ ಕಡೆ ತಿರುಗಿತು. "ಗೊತ್ತಿದ್ದೂ ಸುಮ್ನಿದ್ರಾ? ನಾನು ಹೆದರಿದ್ದೆ, ನನಗೆ ಬುದ್ಧಿ ಇರಲಿಲ್ಲ. ನೀವಾದ್ರೂ ನನ್ನ ರಟ್ಟೆ ಹಿಡಿದು ಎಳ್ಕೊಂಡು ಹೋಗಬೇಕಾಗಿತ್ತು" ಎಂದು ಕೂಗಿದೆ.

ಅವರು ನನ್ನ ಬಲಗೈ ಹಿಡಿದುಕೊಂಡರು. ಹೆಬ್ಬೆರಳನ್ನು ಬೆಳಕಿಗೆ ಎತ್ತಲಿಲ್ಲ, ಸುಮ್ಮನೆ ಹಿಡಿದುಕೊಂಡರು, ಅಷ್ಟೆ.

"ಊಂ ಕಣೇ" ಎಂದರು. "ಎಳ್ಕೊಂಡೋಗ್ಬೇಕಾಗಿತ್ತು."